ಮಳೆಗಾಲವನ್ನು ಮೊದಲೇ ಅರಿಯುವ ಬಗೆ

ಯುಗಾದಿಯ ದಿನ ಬೇವುಬೆಲ್ಲ ತಿಂದ ಮೇಲೆ ಮನೆಯ ಹಿರಿಯರು ಪಂಚಾಂಗ ತೆಗೆದು ಓದುವ ಪದ್ಧತಿ ನಮ್ಮಲ್ಲಿ ಇಂದಿಗೂ ಉಂಟು. ಆ ಸಂವತ್ಸರಕ್ಕೆ ರಾಜನಾರು, ಮಂತ್ರಿಯಾರು, ಮೇಘಾಧಿಪತಿ ಯಾರು, ಸಮುದ್ರದ ಮೇಲೆ ಎಷ್ಟು ಪಾಲು ಮಳೆ, ಪರ್ವತಗಳ ಮೇಲೆ ಎಷ್ಟು, ಭೂಮಿಯ ಮೇಲೆ ಎಷ್ಟು ಎಂಬುದನ್ನು ಕೇಳಿ ಎಲ್ಲರೂ ತಲೆದೂಗುತ್ತಾರೆ. ಅದಾಗಿ ಕೆಲವು ದಿನಗಳಲ್ಲಿಯೇ, ಏಪ್ರಿಲ್ ತಿಂಗಳ ನಡುವೆ, ಭಾರತದ ಹವಾಮಾನ ಇಲಾಖೆಯೂ ತನ್ನ ಪ್ರಕಟಣೆಯನ್ನು ಹೊರಡಿಸುತ್ತದೆ: ಈ ವರ್ಷದ ಮುಂಗಾರು ಮಳೆ ವಾಡಿಕೆಯ ಶೇಕಡ ಇಷ್ಟು ಎಂದು. ವಾಚನಾಲಯದ ಮೇಜಿಗೆ ಬರುವ ಪತ್ರಿಕೆಗಳೆಲ್ಲ ಮರುದಿನ ಅದನ್ನು ದಪ್ಪಕ್ಷರಗಳಲ್ಲಿ ಅಚ್ಚುಮಾಡುತ್ತವೆ. ಓದಿದವರು ಎರಡು ಪಂಗಡವಾಗುವರು. ಒಂದು ಪಂಗಡದವರು ಆ ಸಂಖ್ಯೆಯನ್ನು ವೇದವಾಕ್ಯವೆಂದು ನಂಬುವರು. ಇನ್ನೊಂದು ಪಂಗಡದವರು, “ನಾಳೆಯ ಮಳೆಯನ್ನೇ ಸರಿಯಾಗಿ ಹೇಳಲಾರದವರು ನಾಲ್ಕು ತಿಂಗಳ ಮಳೆಯನ್ನು ಹೇಳಿಯಾರೆ?” ಎಂದು ನಕ್ಕುಬಿಡುವರು.

ಈ ಎರಡು ನಿಲುವುಗಳೂ ತಪ್ಪು. ಋತುವಿನ ಮಳೆಯನ್ನು ಕುರಿತ ಮುನ್ಸೂಚನೆಯು ಭವಿಷ್ಯವಾಣಿಯೂ ಅಲ್ಲ, ಬರಿಯ ಊಹೆಯೂ ಅಲ್ಲ. ಅದು ಸಂಭವಗಳ ಲೆಕ್ಕ. ಆ ಲೆಕ್ಕ ಎಲ್ಲಿಂದ ಬಂತು, ಅದನ್ನು ಹೇಗೆ ಓದಬೇಕು, ಓದಿ ಏನು ಮಾಡಬೇಕು ಎಂಬ ಮೂರು ವಿಷಯಗಳನ್ನು ಈ ಪಾಠದಲ್ಲಿ ನೋಡೋಣ.

ನಮಗೇಕೆ ಈ ವಿಚಾರ?

ಡೊಂಬಿವಲಿಯ ಎಂಐಡಿಸಿ ಭಾಗದಲ್ಲಿರುವ ನಮಗೆ ಇಲ್ಲಿ ಹೊಲವಿಲ್ಲ, ಗದ್ದೆಯಿಲ್ಲ. ಮಳೆಯೆಂದರೆ ಕೊಡೆ, ಕೆಸರು ಮತ್ತು ತಡವಾಗಿ ಬರುವ ಲೋಕಲ್ ರೈಲು. ಆದಾಗ್ಯೂ ಮಳೆಯ ಹಂಗು ನಮ್ಮನ್ನು ಬಿಟ್ಟಿಲ್ಲ. ಇಲ್ಲಿಯ ಕಾರ್ಖಾನೆಗಳೂ ಮನೆಗಳೂ ನಂಬಿರುವುದು ಬದಲಾಪುರದ ಆಚೆಗಿರುವ ಬಾರವಿ ಅಣೆಕಟ್ಟಿನ ನೀರನ್ನು. ಆ ಜಲಾಶಯ ತುಂಬುವುದು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಮಳೆಯಿಂದ. ಉಳಿದ ಎಂಟು ತಿಂಗಳು ಅದನ್ನೇ ಹಂಚಿಕೊಂಡು ಬಾಳಬೇಕು.

ಇದಕ್ಕಿಂತ ಹತ್ತಿರದ ಹಂಗು ಇನ್ನೊಂದಿದೆ. ನಮ್ಮಲ್ಲಿ ಬಹುಮಂದಿಗೆ ಊರಲ್ಲಿ ಸ್ವಲ್ಪವಾದರೂ ಹೊಲವುಂಟು. ವಿಜಯಪುರ, ಕಲಬುರ್ಗಿ, ರಾಯಚೂರು, ಚಿತ್ರದುರ್ಗ, ತುಮಕೂರುಗಳ ಮಳೆಯಾಧಾರದ ಭೂಮಿಯಲ್ಲಿ ಅಣ್ಣನೋ ಚಿಕ್ಕಪ್ಪನೋ ದುಡಿಯುತ್ತಿರುತ್ತಾರೆ. ಮೇ ತಿಂಗಳು ಬಂತೆಂದರೆ ಅಲ್ಲಿಂದ ಮಾತು ಬರುತ್ತದೆ: “ಬೀಜಕ್ಕೂ ಗೊಬ್ಬರಕ್ಕೂ ಹಣ ಬೇಕು, ಏನು ಮಾಡೋಣ?” ಆ ಪ್ರಶ್ನೆಗೆ ಉತ್ತರ ಕೊಡುವಾಗ ಈ ವರ್ಷದ ಮಳೆಯ ಲಕ್ಷಣವನ್ನು ಅರಿತಿದ್ದರೆ ಒಳ್ಳೆಯದಲ್ಲವೇ?

ದಿನದ ಹವೆ ಬೇರೆ, ಋತುವಿನ ಮಳೆ ಬೇರೆ

೨೦೦೫ನೆಯ ಇಸವಿ ಜುಲೈ ೨೬ನ್ನು ಇಲ್ಲಿಯವರು ಮರೆಯಲಾರರು. ಆ ಒಂದು ದಿನದಲ್ಲಿ ಸಾಂತಾಕ್ರೂಜ್‌ನಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಿತು. ಅದೇ ಮುಂಬಯಿಯ ಕೊಲಾಬಾದಲ್ಲಿ ಬಿದ್ದದ್ದು ಕೇವಲ ೭೩ ಮಿಲಿಮೀಟರ್. ಆ ವರ್ಷ ಇಡೀ ದೇಶದ ಮುಂಗಾರನ್ನು ಕೂಡಿ ನೋಡಿದರೆ ಅದು ವಾಡಿಕೆಯ ಶೇಕಡ ೯೯ರಷ್ಟಿತ್ತು, ಅಂದರೆ ಬಹುಮಟ್ಟಿಗೆ ಸರಾಸರಿಯ ಮಳೆಗಾಲ. ಒಂದು ದಿನದ ಪ್ರಳಯಕ್ಕೂ ಒಂದು ಋತುವಿನ ಮೊತ್ತಕ್ಕೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ.

ದಿನದ ಹವೆಯನ್ನು ಬಹಳ ಮುಂಚಿತವಾಗಿ ಹೇಳಲಾಗದು. ಇದಕ್ಕೆ ಕಾರಣವನ್ನು ೧೯೬೩ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಲೊರೆನ್ಸ್ ತೋರಿಸಿಕೊಟ್ಟರು. ಇಂದಿನ ಗಾಳಿಯ ಸ್ಥಿತಿಯನ್ನು ಅಳೆಯುವಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದು ದಿನದಿನಕ್ಕೆ ಬೆಳೆದು, ಸುಮಾರು ಎರಡು ವಾರಗಳಲ್ಲಿ ಲೆಕ್ಕವನ್ನೆಲ್ಲ ಕೆಡಿಸಿಬಿಡುತ್ತದೆ. ಹಾಗಿದ್ದ ಮೇಲೆ ನಾಲ್ಕು ತಿಂಗಳ ಮಾತೇಕೆ?

ಒಲೆಯ ಮೇಲೆ ಎಸರಿಟ್ಟದ್ದನ್ನು ನೆನೆದುಕೊಳ್ಳಿ. ಮುಂದಿನ ಗುಳ್ಳೆ ಪಾತ್ರೆಯ ಯಾವ ಮೂಲೆಯಲ್ಲಿ ಏಳುವುದೆಂದು ಯಾರೂ ಹೇಳಲಾರರು. ಆದರೆ ಉರಿ ಹೆಚ್ಚಿಸಿದರೆ ಗುಳ್ಳೆಗಳು ಹೆಚ್ಚುವುವು, ತಗ್ಗಿಸಿದರೆ ತಗ್ಗುವುವು ಎಂದು ಅಡಿಗೆಮನೆಯ ಹುಡುಗಿಯೂ ಬಲ್ಲಳು. ಗುಳ್ಳೆಯೆಂದರೆ ದಿನದ ಮಳೆ. ಉರಿಯೆಂದರೆ ಸಮುದ್ರದ ಬಿಸಿ. ಸಮುದ್ರದ ಮೇಲ್ಪದರದ ಸುಮಾರು ಮೂರು ಮೀಟರ್ ನೀರು ಅದರ ಮೇಲಿರುವ ಇಡೀ ವಾಯುಸ್ತಂಭದಷ್ಟು ಶಾಖವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆದುದರಿಂದ ಗಾಳಿ ಗಂಟೆಗೊಮ್ಮೆ ಬದಲಾದರೂ ಸಮುದ್ರ ಬದಲಾಗಲು ತಿಂಗಳುಗಳು ಬೇಕು. ಏಪ್ರಿಲಿನಲ್ಲಿ ಬಿಸಿಯಾಗಿರುವ ಕಡಲು ಜುಲೈನಲ್ಲಿ ಹೇಗಿರಬಹುದೆಂದು ಒಂದು ಮಟ್ಟಿಗೆ ಅಂದಾಜುಮಾಡಬಹುದು. ಋತುವಿನ ಮುನ್ಸೂಚನೆ ನಿಂತಿರುವುದು ಈ ನಿಧಾನದ ಮೇಲೆ.

ಸಮಶೀತೋಷ್ಣದ ನಾಡುಗಳಲ್ಲಿ ಮಳೆಯನ್ನು ತರುವುದು ಗಾಳಿಯ ಹೊಯ್ದಾಟದಿಂದಲೇ ಹುಟ್ಟುವ ದೊಡ್ಡ ಬಿರುಗಾಳಿಗಳು. ನಮ್ಮ ಉಷ್ಣವಲಯದಲ್ಲಿಯಾದರೋ ಕೆಳಗಿನ ಕಡಲು ಮತ್ತು ನೆಲದ ಹಿಡಿತ ಬಲವಾದದ್ದು. ಆದ್ದರಿಂದ ಉಷ್ಣವಲಯದ ಋತುವನ್ನು ಮೊದಲೇ ಅರಿಯುವ ಸಾಧ್ಯತೆ ಹೆಚ್ಚು ಎಂದು ೧೯೮೧ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಜೂಲ್ ಚಾರ್ನಿ ಮತ್ತು ಜೆ. ಶುಕ್ಲ ವಾದಿಸಿದರು. ಈ ಶುಕ್ಲರು ಉತ್ತರಪ್ರದೇಶದ ಬಲಿಯಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಮಳೆ ಬಾರದಿದ್ದರೆ ಹಳ್ಳಿಯ ಗತಿ ಏನಾಗುವುದೆಂಬುದನ್ನು ಬಲ್ಲವರು.

ಬರದಿಂದ ಹುಟ್ಟಿದ ಶಾಸ್ತ್ರ

ನಮ್ಮ ಹಿರಿಯರ ಮಳೆಯ ತಿಳಿವಳಿಕೆಯನ್ನು ಇಲ್ಲಿ ಕಡೆಗಣಿಸಬಾರದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆಯ ಹೆಸರಿಟ್ಟು ಅವರು ವರ್ಷವನ್ನು ಅಳೆದರು. “ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ” ಎಂಬ ಗಾದೆ ಜೂನ್ ಕೊನೆಯ ಮಳೆ ಎಷ್ಟು ಮುಖ್ಯವೆಂದು ಹೇಳುತ್ತದೆ. “ಮಘಾ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು” ಎಂಬುದು ಆಗಸ್ಟಿನ ನಡುವಣ ಮಳೆಯ ಬೆಲೆಯನ್ನು ತಿಳಿಸುತ್ತದೆ. ಇವು ತಲೆಮಾರುಗಳ ಅನುಭವದ ಸರಾಸರಿ. ಯಾವ ಮಳೆ ಯಾವ ಬೆಳೆಗೆ ಬೇಕೆಂಬುದನ್ನು ಗಾದೆ ಹೇಳಬಲ್ಲದು. ಆದರೆ ಈ ವರ್ಷ ಆ ಮಳೆ ಬರುವುದೋ ಇಲ್ಲವೋ ಎಂಬುದನ್ನು ಅದು ಹೇಳದು.

ಆ ಪ್ರಶ್ನೆಯನ್ನು ಸರಕಾರದ ಮುಂದೆ ತಂದು ನಿಲ್ಲಿಸಿದ್ದು ಕ್ಷಾಮ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ ೧೮೭೬–೭೮ರಲ್ಲಿ, ಬಂದ ಬರವು ಮೈಸೂರು ಸೀಮೆಯಲ್ಲಿಯೂ ಮುಂಬಯಿ ಕರ್ನಾಟಕದಲ್ಲಿಯೂ ಊರೂರುಗಳನ್ನೇ ಬರಿದುಮಾಡಿತು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ ಸತ್ತರೆಂದು ಲೆಕ್ಕ. ೧೮೭೫ರಲ್ಲಿ ಆಗತಾನೆ ಸ್ಥಾಪಿತವಾಗಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್‌ಗೆ ಮಳೆಯನ್ನು ಮುಂಚೆಯೇ ಹೇಳುವ ಕೆಲಸ ಬಿತ್ತು. ಚಳಿಗಾಲದಲ್ಲಿ ಹಿಮಾಲಯದ ಮೇಲೆ ಹಿಮ ಹೆಚ್ಚು ಬಿದ್ದರೆ ಮುಂದಿನ ಮುಂಗಾರು ಕುಗ್ಗುತ್ತದೆ ಎಂಬುದು ಅವನ ತರ್ಕ. ಕೆಲವು ವರ್ಷ ಪ್ರಯೋಗಮಾಡಿ, ೧೮೮೬ನೆಯ ಇಸವಿ ಜೂನ್ ತಿಂಗಳಲ್ಲಿ ಅವನು ಮೊದಲ ಕ್ರಮಬದ್ಧವಾದ ಮುನ್ಸೂಚನೆಯನ್ನು ಹೊರಡಿಸಿದನು.

೧೯೦೪ರಲ್ಲಿ ಇಲಾಖೆಗೆ ಬಂದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್‌ನ ಗಣಿತಜ್ಞ. ಹವಾಮಾನದಲ್ಲಿ ಅವನಿಗೆ ಮೊದಲು ಪರಿಚಯವೇ ಇರಲಿಲ್ಲ. ಮದ್ರಾಸಿನಲ್ಲಿ ಗುಮಾಸ್ತರಾಗಿದ್ದ ರಾಮಾನುಜನ್ನರ ಗಣಿತವನ್ನು ೧೯೧೩ರಲ್ಲಿ ನೋಡಿ ಅವರ ಪರವಾಗಿ ವಿಶ್ವವಿದ್ಯಾನಿಲಯಕ್ಕೆ ಬರೆದವನೂ ಇವನೇ. ಭೂಗೋಳದ ನಾನಾ ಊರುಗಳ ವಾಯುಭಾರ, ಉಷ್ಣತೆ, ಮಳೆಗಳ ಪಟ್ಟಿಗಳನ್ನು ತರಿಸಿ, ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಗುಮಾಸ್ತರನ್ನು ಕೂರಿಸಿ, ಯಾವುದು ಯಾವುದರೊಡನೆ ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಲೆಕ್ಕಹಾಕಿಸಿದನು. ಆಗ ಒಂದು ಸೋಜಿಗ ಹೊರಬಿತ್ತು. ಶಾಂತಸಾಗರದ ಪೂರ್ವದಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ. ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ, ತೂಗುಯ್ಯಾಲೆಯ ಹಾಗೆ. ಇದನ್ನು ಅವನು ದಕ್ಷಿಣದ ಆಂದೋಲನವೆಂದು ಕರೆದನು. ನಮ್ಮ ಬರವನ್ನು ಅರಿಯಲು ಹೊರಟವನು ಇಡೀ ಭೂಮಿಯ ಉಷ್ಣವಲಯದ ನಾಡಿಯನ್ನು ಹಿಡಿದಂತಾಯಿತು.

ಎಲ್ ನಿನ್ಯೊ ಎಂದರೇನು?

ಆ ಉಯ್ಯಾಲೆಯನ್ನು ತೂಗುವ ಕೈ ಯಾವುದೆಂದು ತಿಳಿಯಲು ೧೯೬೯ರವರೆಗೆ ಕಾಯಬೇಕಾಯಿತು. ನಾರ್ವೆ ಮೂಲದ ವಿಜ್ಞಾನಿ ಜೇಕಬ್ ಬ್ಯರ್ಕ್‌ನೆಸ್ ಅದನ್ನು ಪೆರು ದೇಶದ ಬೆಸ್ತರು ಬಹುಕಾಲದಿಂದ ಬಲ್ಲ ಎಲ್ ನಿನ್ಯೊ ಎಂಬ ಕಡಲಿನ ಬಿಸಿಯೊಡನೆ ಹೊಂದಿಸಿದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಕಾಣುತ್ತಿದ್ದುದರಿಂದ ಬೆಸ್ತರು ಅದಕ್ಕೆ ಶಿಶು ಯೇಸುವಿನ ಹೆಸರನ್ನಿಟ್ಟಿದ್ದರು.

ವಾಡಿಕೆಯ ವರ್ಷಗಳಲ್ಲಿ ವಿಷುವದ್ರೇಖೆಯ ಬಳಿಯ ಗಾಳಿಗಳು ಶಾಂತಸಾಗರದ ಬಿಸಿನೀರನ್ನು ಪಶ್ಚಿಮಕ್ಕೆ, ಇಂಡೊನೇಷಿಯದ ಕಡೆಗೆ ತಳ್ಳಿ ರಾಶಿಹಾಕುತ್ತವೆ. ಬಿಸಿನೀರಿನ ಮೇಲೆ ಗಾಳಿ ಮೇಲೇರಿ ದಟ್ಟ ಮೋಡಗಳಾಗುತ್ತವೆ. ಎರಡರಿಂದ ಏಳು ವರ್ಷಗಳಿಗೊಮ್ಮೆ ಆ ಗಾಳಿ ಸೊರಗುತ್ತದೆ. ಬಿಸಿನೀರು ಪೂರ್ವಕ್ಕೆ ಹರಡುತ್ತದೆ, ಮೋಡಗಳೂ ಅದರ ಹಿಂದೆ ಹೋಗುತ್ತವೆ. ಅಲ್ಲಿ ಮೇಲೇರಿದ ಗಾಳಿ ಎಲ್ಲಿಯಾದರೂ ಕೆಳಗಿಳಿಯಲೇ ಬೇಕು. ಅದು ಅನೇಕ ವೇಳೆ ನಮ್ಮ ಕಡೆ ಇಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟದು. ಎಲ್ ನಿನ್ಯೊ ವರ್ಷಗಳಲ್ಲಿ ಮುಂಗಾರು ಸೋಲುವ ಸಂಭವ ಹೆಚ್ಚಾಗುವುದು ಇದರಿಂದಲೇ.

ಸಂಭವ ಹೆಚ್ಚು ಎಂದೆವು, ಖಂಡಿತ ಎನ್ನಲಿಲ್ಲ. ೧೯೯೭ರಲ್ಲಿ ಶತಮಾನದ ಅತಿ ಬಲವಾದ ಎಲ್ ನಿನ್ಯೊಗಳಲ್ಲೊಂದು ಬಂದಾಗ ದೇಶಕ್ಕೆ ಬರ ತಪ್ಪದೆಂದು ಎಲ್ಲರೂ ಹೆದರಿದರು. ಆ ವರ್ಷದ ಮುಂಗಾರು ವಾಡಿಕೆಯ ಶೇಕಡ ೧೦೨ರಷ್ಟಾಯಿತು. ೨೦೦೨ರಲ್ಲಿ ಬಂದದ್ದು ಅದಕ್ಕಿಂತ ಬಹಳ ಸಾಧಾರಣವಾದ ಎಲ್ ನಿನ್ಯೊ. ಆ ಜುಲೈ ತಿಂಗಳಲ್ಲಿ ಮಳೆ ಸುಮಾರು ಅರ್ಧಕ್ಕೆ ಕುಸಿದು, ಋತುವಿನ ಕೊರತೆ ಶೇಕಡ ೧೯ನ್ನು ಮುಟ್ಟಿತು. ಒಂದೇ ಕಾರಣ, ಎರಡು ಬಗೆಯ ಫಲ! ಇದನ್ನು ಬಿಡಿಸುವುದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು.

ಬೆಂಗಳೂರಿನಲ್ಲಿ ನಡೆದ ಕೆಲಸ

ಶ್ರೀಮತಿ ಸುಲೋಚನಾ ಗಾಡ್ಗೀಳರು ೧೯೭೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ದಶಕಗಳ ಕಾಲ ಮುಂಗಾರನ್ನು ಕುರಿತು ಸಂಶೋಧನೆ ನಡೆಸಿದರು. ಪುಣೆಯಲ್ಲಿ ೧೯೬೨ರಲ್ಲಿ ಹುಟ್ಟಿದ ಉಷ್ಣವಲಯ ಹವಾಮಾನ ಸಂಸ್ಥೆಯ ಡಿ. ಆರ್. ಸಿಕ್ಕಾ ಅವರೊಡನೆ ಕೂಡಿ ಅವರು ಉಪಗ್ರಹದ ಚಿತ್ರಗಳಲ್ಲಿ ಮೋಡಗಳ ಪಟ್ಟಿಗಳನ್ನು ದಿನದಿನವೂ ಗುರುತಿಸಿದರು. ಹಿಂದೂ ಮಹಾಸಾಗರದ ವಿಷುವದ್ರೇಖೆಯ ಬಳಿ ಹುಟ್ಟಿದ ಮೋಡಗಳ ಪಟ್ಟಿಗಳು ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸರಿದು ನಮ್ಮ ನೆಲವನ್ನು ಸೇರುತ್ತವೆ ಎಂಬುದು ೧೯೮೦ರಲ್ಲಿ ಪ್ರಕಟವಾದ ಅವರ ಕೆಲಸದಿಂದ ತಿಳಿಯಿತು. ಮಳೆ ಹಿಡಿದು ಸುರಿಯುವುದು, ಆಮೇಲೆ ನಿಂತು ಒಣಗುವುದು, ಮತ್ತೆ ಹಿಡಿಯುವುದು ಎಂಬ ಮುಂಗಾರಿನ ನಡೆಗೆ ಈ ಪಟ್ಟಿಗಳ ಚಲನೆಯೇ ಹಿನ್ನೆಲೆ.

೧೯೮೪ರಲ್ಲಿ ಗಾಡ್ಗೀಳರೂ ಅವರ ಜೊತೆಗಾರರೂ ಇನ್ನೊಂದು ಮುಖ್ಯವಾದ ಸಂಗತಿಯನ್ನು ತೋರಿಸಿದರು. ಕಡಲಿನ ಮೇಲ್ಮೈ ಸುಮಾರು ೨೮ ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ದಟ್ಟ ಮೋಡಗಳೇಳುವುದು ಅಪರೂಪ. ಆ ಮಟ್ಟವನ್ನು ದಾಟಿದ ಮೇಲೆ ಮೋಡ ಏಳಲು ಅವಕಾಶವುಂಟು, ಆದರೆ ಏಳಲೇಬೇಕೆಂಬ ನಿಯಮವಿಲ್ಲ. ಬಿಸಿ ಬೇಕು, ಬಿಸಿಯೊಂದೇ ಸಾಲದು.

೧೯೯೯ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾತ ಎಂಬ ನಾಲ್ವರು ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಒಂದು ಉಯ್ಯಾಲೆಯಿದೆ ಎಂದು ಪ್ರಕಟಿಸಿದರು. ಕೆಲವು ವರ್ಷ ಸುಮಾತ್ರದ ಕಡೆಯ ಕಡಲು ತಣ್ಣಗಾಗಿ ಆಫ್ರಿಕದ ಕಡೆಯದು ಬಿಸಿಯಾಗುತ್ತದೆ. ಗಾಡ್ಗೀಳರ ತಂಡ ೨೦೦೪ರಲ್ಲಿ ಇದೇ ವಲಯದ ಮೋಡ ಮತ್ತು ಗಾಳಿಗಳ ಆಂದೋಲನವನ್ನು ಮುಂಗಾರಿನೊಡನೆ ಹೊಂದಿಸಿ ನೋಡಿತು. ಮೋಡಗಳು ವಿಷುವದ್ರೇಖೆಯ ಪಶ್ಚಿಮಭಾಗದ ಮೇಲೆ ದಟ್ಟವಾಗಿ ಪೂರ್ವದಲ್ಲಿ ವಿರಳವಾದರೆ ನಮಗೆ ಅನುಕೂಲ, ತಿರುಗುಮುರುಗಾದರೆ ಪ್ರತಿಕೂಲ. ೧೯೯೭ರಲ್ಲಿ ಶಾಂತಸಾಗರ ನಮಗೆ ವಿರೋಧವಾಗಿತ್ತು, ಹಿಂದೂ ಮಹಾಸಾಗರ ನಮ್ಮ ಪಕ್ಷದಲ್ಲಿತ್ತು. ೨೦೦೨ರಲ್ಲಿ ಎರಡೂ ವಿರೋಧವಾದವು. ಎರಡು ಎತ್ತುಗಳ ಬಂಡಿಯಂತೆ, ಒಂದು ಹಿಂದೆಗೆದರೂ ಇನ್ನೊಂದು ಎಳೆದೀತು. ಎರಡೂ ಹಿಂದೆಗೆದರೆ ಬಂಡಿ ನಿಲ್ಲುವುದು.

ಸೋಲಿನಿಂದ ಕಲಿತದ್ದು

ಈ ತಿಳಿವಳಿಕೆ ಸುಲಭವಾಗಿ ಬಂದದ್ದಲ್ಲ. ೧೯೮೮ರಿಂದ ಹವಾಮಾನ ಇಲಾಖೆಯು ವಸಂತ ಗೋವಾರೀಕರರ ಮುಂದಾಳುತನದಲ್ಲಿ ಸಿದ್ಧವಾದ, ಹದಿನಾರು ಲಕ್ಷಣಗಳನ್ನು ನೋಡಿ ಹೇಳುವ ಪದ್ಧತಿಯನ್ನು ಬಳಸುತ್ತಿತ್ತು. ೨೦೦೧ರ ವರೆಗೆ ದೇಶಕ್ಕೆ ದೊಡ್ಡ ಬರ ಬರಲಿಲ್ಲ, ಪದ್ಧತಿಗೂ ಒಳ್ಳೆಯ ಹೆಸರು ಬಂತು. ೨೦೦೨ರಲ್ಲಿ ಅದು ಶೇಕಡ ೧೦೧ ಎಂದಿತು. ಬಂದದ್ದು ಶೇಕಡ ೮೧. ಹಳೆಯ ಪದ್ಧತಿಯನ್ನು ಕೈಬಿಟ್ಟು ೨೦೦೩ರಲ್ಲಿ ಹೊಸದನ್ನು ತಂದರು. ೨೦೦೯ರ ಏಪ್ರಿಲಿನಲ್ಲಿ ೯೬ ಎಂದೂ ಜೂನಿನಲ್ಲಿ ೯೩ ಎಂದೂ ಹೇಳಿದರು, ಆದದ್ದು ೭೮. ಬರವಿಲ್ಲದ ವರ್ಷಗಳನ್ನು ಸರಿಯಾಗಿ ಹೇಳುವುದು ಕಷ್ಟವಲ್ಲ. ಶಾಸ್ತ್ರದ ಪರೀಕ್ಷೆ ನಡೆಯುವುದು ಬರದ ವರ್ಷದಲ್ಲಿ.

೨೦೧೨ರಲ್ಲಿ ಮುಂಗಾರನ್ನೇ ಗುರಿಯಾಗಿಟ್ಟುಕೊಂಡ ಒಂದು ರಾಷ್ಟ್ರೀಯ ಯೋಜನೆ ಆರಂಭವಾಯಿತು. ಲಕ್ಷಣಗಳ ಪಟ್ಟಿಯ ಜೊತೆಗೆ, ಕಡಲು ಮತ್ತು ಗಾಳಿಗಳ ಚಲನೆಯ ಸಮೀಕರಣಗಳನ್ನು ದೊಡ್ಡ ಗಣಕಯಂತ್ರದಲ್ಲಿ ಬಿಡಿಸಿ ಇಡೀ ಋತುವನ್ನು ಮುಂಚೆಯೇ ನಡೆಸಿ ನೋಡುವ ಕ್ರಮ ಬೆಳೆಯಿತು. ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಹಲವು ಸಾರಿ ನಡೆಸುತ್ತಾರೆ. ಹತ್ತು ಸಾರಿಯಲ್ಲಿ ಏಳು ಸಾರಿ ಮಳೆ ಕಡಿಮೆಯಾದರೆ, ಕಡಿಮೆಯಾಗುವ ಸಂಭವ ಹೆಚ್ಚೆಂದು ತಿಳಿಯುತ್ತಾರೆ. ೨೦೨೧ರಿಂದ ಇಲಾಖೆಯು ಹಲವು ದೇಶಗಳ ಇಂಥ ಮಾದರಿಗಳನ್ನು ಒಟ್ಟುಗೂಡಿಸಿ ಮುನ್ಸೂಚನೆ ಕೊಡುತ್ತಿದೆ. ಜೊತೆಗೆ ಯಾವ ಭಾಗದಲ್ಲಿ ಮಳೆ ಹೆಚ್ಚು, ಎಲ್ಲಿ ಕಡಿಮೆ ಎಂಬ ಸಂಭವದ ನಕ್ಷೆಯನ್ನೂ ಪ್ರಕಟಿಸುತ್ತಿದೆ. ೨೦೨೪ರಲ್ಲಿ ೧೦೬ ಎಂದದ್ದಕ್ಕೆ ೧೦೮ ಬಂತು. ೨೦೨೫ರ ಏಪ್ರಿಲಿನಲ್ಲಿ ೧೦೫ ಎಂದದ್ದಕ್ಕೂ ೧೦೮ ಬಂತು. ಎರಡು ವರ್ಷ ಗುರಿ ತಾಗಿತೆಂದು ಬೀಗಬೇಕಾಗಿಲ್ಲ. ೨೦೦೯ರಲ್ಲಿ ತಪ್ಪಿತೆಂದು ಎಲ್ಲವನ್ನೂ ತಳ್ಳಿಹಾಕಬೇಕಾಗಿಯೂ ಇಲ್ಲ.

ಪ್ರಕಟಣೆಯನ್ನು ಓದುವ ರೀತಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಇಲಾಖೆಯ ಪ್ರಕಟಣೆಯಲ್ಲಿ ‘ವಾಡಿಕೆ’ ಎಂದರೆ ೧೯೭೧ರಿಂದ ೨೦೨೦ರ ವರೆಗಿನ ಐವತ್ತು ವರ್ಷಗಳ ಸರಾಸರಿ. ಇಡೀ ದೇಶಕ್ಕೆ ೮೭ ಸೆಂಟಿಮೀಟರ್. ಅದರ ಶೇಕಡ ೯೦ಕ್ಕಿಂತ ಕೆಳಗಾದರೆ ಕೊರತೆ. ೯೦ರಿಂದ ೯೫ ವಾಡಿಕೆಗಿಂತ ಕಡಿಮೆ. ೯೬ರಿಂದ ೧೦೪ ವಾಡಿಕೆ. ೧೦೫ರಿಂದ ೧೧೦ ವಾಡಿಕೆಗಿಂತ ಹೆಚ್ಚು. ಅದರ ಮೇಲೆ ಅತಿ ಹೆಚ್ಚು. ಈ ಐದು ವರ್ಗಗಳಿಗೂ ಒಂದೊಂದು ಸಂಭವವನ್ನು ಪ್ರಕಟಣೆಯಲ್ಲಿಯೇ ಕೊಟ್ಟಿರುತ್ತಾರೆ. ಪತ್ರಿಕೆಯ ತಲೆಬರಹದಲ್ಲಿ ಬರುವುದು ಒಂದು ಸಂಖ್ಯೆ ಮಾತ್ರ. ಸಂಭವಗಳ ಪಟ್ಟಿ ಒಳಗೆಲ್ಲಿಯೋ ಅಡಗಿರುತ್ತದೆ, ಇಲ್ಲವೆ ಬಿಟ್ಟೇಹೋಗಿರುತ್ತದೆ.

೨೦೨೩ನ್ನು ನೋಡಿ. ಏಪ್ರಿಲಿನಲ್ಲಿ ಇಲಾಖೆ ಕೊಟ್ಟ ಸಂಖ್ಯೆ ೯೬, ಐದು ಹೆಚ್ಚು ಇಲ್ಲವೆ ಐದು ಕಡಿಮೆ. ‘ವಾಡಿಕೆಯ ಮಳೆ’ ಎಂದು ಸುದ್ದಿಯಾಯಿತು. ಪಟ್ಟಿಯಲ್ಲಿದ್ದ ಸಂಭವಗಳು ಹೀಗಿದ್ದವು: ಕೊರತೆಗೆ ನೂರಕ್ಕೆ ೨೨, ವಾಡಿಕೆಗಿಂತ ಕಡಿಮೆಗೆ ೨೯, ವಾಡಿಕೆಗೆ ೩೫, ಹೆಚ್ಚಿಗೆ ೧೧, ಅತಿ ಹೆಚ್ಚಿಗೆ ೩. ಮೊದಲಿನ ಎರಡನ್ನು ಕೂಡಿದರೆ ೫೧. ಸಾಮಾನ್ಯ ವರ್ಷಗಳಲ್ಲಿ ಅದೇ ಮೊತ್ತ ೩೩ರಷ್ಟಿರುತ್ತದೆ. ಎಂದರೆ, ‘ವಾಡಿಕೆ’ ಎಂದು ಸುದ್ದಿಯಾದ ಆ ಪ್ರಕಟಣೆಯೇ ಮಳೆ ಕಡಿಮೆಯಾಗುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂದು ಹೇಳುತ್ತಿತ್ತು! ಎಲ್ ನಿನ್ಯೊ ಬಂತು. ಆಗಸ್ಟ್ ತಿಂಗಳು ೧೯೦೧ರಿಂದೀಚೆಗೆ ಎಂದೂ ಕಾಣದಷ್ಟು ಒಣಗಿತು. ಸೆಪ್ಟೆಂಬರಿನಲ್ಲಿ ಮಳೆ ಚೇತರಿಸಿಕೊಂಡಿತು. ಋತುವಿನ ಮೊತ್ತ ೯೪ಕ್ಕೆ ನಿಂತಿತು.

ಇನ್ನೊಂದು ಪಾಠವೂ ಅದೇ ವರ್ಷದಲ್ಲಿದೆ. ದೇಶಕ್ಕೆ ೯೪ ಆದಾಗ ಕರ್ನಾಟಕದಲ್ಲಿ ಮುಂಗಾರಿನ ಕೊರತೆ ನೂರಕ್ಕೆ ೨೫ರಷ್ಟಾಗಿ, ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಇಡೀ ದೇಶದ ಸರಾಸರಿಯಲ್ಲಿ ಚಿರಾಪುಂಜಿಯೂ ಚಳ್ಳಕೆರೆಯೂ ಸೇರಿರುತ್ತವೆ. ಆ ಸಂಖ್ಯೆಯನ್ನು ನೋಡಿ ನಮ್ಮೂರ ಹೊಲಕ್ಕೆ ಬಿತ್ತನೆ ನಿಶ್ಚಯಿಸುವುದು, ಊರಿನ ಸರಾಸರಿ ಆದಾಯವನ್ನು ನೋಡಿ ನಮ್ಮ ಕಿಸೆಯಲ್ಲಿ ಹಣವಿದೆಯೆಂದು ತಿಳಿದಂತೆ. ನಕ್ಷೆಯಲ್ಲಿ ನಮ್ಮ ಭಾಗಕ್ಕೆ ಏನು ಹೇಳಿದೆ ಎಂಬುದನ್ನು ನೋಡಬೇಕು.

ಹೊಲದ ಲೆಕ್ಕ

ಸಂಭವವನ್ನು ತಿಳಿದು ಮಾಡುವುದೇನು? ಲೆಕ್ಕದ ಸುಲಭಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಎಕರೆಗೆ ೨೦,೦೦೦ ರೂಪಾಯಿ ಖರ್ಚುಮಾಡಿ ಕಡಲೆಕಾಯ (ನಮ್ಮ ಬಡಗಣದವರು ಶೇಂಗಾ ಎನ್ನುವರು) ಬಿತ್ತಿದರೆ, ಮಳೆಯಾದ ವರ್ಷ ೩೫,೦೦೦ ರೂಪಾಯಿ ಕೈಗೆ ಬರುತ್ತದೆ, ಲಾಭ ೧೫,೦೦೦. ಮಳೆ ಹೋದ ವರ್ಷ ೮,೦೦೦ ಮಾತ್ರ ಬರುತ್ತದೆ, ನಷ್ಟ ೧೨,೦೦೦. ಆ ೨೦,೦೦೦ವನ್ನು ತಿಂಗಳಿಗೆ ನೂರಕ್ಕೆ ಎರಡರಂತೆ ಆರು ತಿಂಗಳ ಸಾಲ ತಂದರೆ ಬಡ್ಡಿ ೨,೪೦೦.

ಹತ್ತರಲ್ಲಿ ಮೂರು ವರ್ಷ ಮಳೆ ಹೋಗುವುದಾದರೆ, ಲಾಭನಷ್ಟ ಕಳೆದು ವರ್ಷಕ್ಕೆ ಸರಾಸರಿ ೬,೯೦೦ ಉಳಿಯುತ್ತದೆ. ಬಡ್ಡಿ ಕಳೆದರೆ ೪,೫೦೦. ಹತ್ತರಲ್ಲಿ ಐದು ವರ್ಷ ಹೋಗುವುದಾದರೆ ಉಳಿಯುವುದು ೧,೫೦೦. ಬಡ್ಡಿ ಕಟ್ಟಿದರೆ ೯೦೦ ಕೈಯಿಂದಲೇ ಹೋಗುತ್ತದೆ. ಹತ್ತರಲ್ಲಿ ಒಂದೇ ವರ್ಷ ಹೋಗುವುದಾದರೆ ಬಡ್ಡಿ ಕಳೆದೂ ೯,೯೦೦ ನಿಲ್ಲುತ್ತದೆ. ಹೊಲ ಅದೇ, ಬೀಜ ಅದೇ. ಸಂಭವ ಬದಲಾದುದರಿಂದ ಸಾಲಮಾಡುವುದು ಜಾಣತನವೋ ಮೂರ್ಖತನವೋ ಎಂಬುದು ಬದಲಾಯಿತು. ನಮ್ಮ ಭಾಗಕ್ಕೆ ಪ್ರತಿಕೂಲದ ಸಂಭವ ಅರ್ಧಕ್ಕೆ ಏರಿದ ವರ್ಷ ನಾಲ್ಕು ಎಕರೆಯನ್ನೂ ಸಾಲದ ಬೀಜದಿಂದ ತುಂಬುವ ಬದಲು ಎರಡೆಕರೆಗೆ ಕಡಿಮೆ ಖರ್ಚಿನ ನವಣೆಯನ್ನೋ ಹುರುಳಿಯನ್ನೋ ಹಾಕುವುದು ಲೇಸು. ಅನುಕೂಲದ ಸಂಭವ ಸ್ಪಷ್ಟವಾಗಿದ್ದ ವರ್ಷ ಗೊಬ್ಬರಕ್ಕೆ ಕೈ ಹಿಡಿಯಬಾರದು.

ಈ ಕೊನೆಯ ಮಾತನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಗಾಡ್ಗೀಳರು ಗಣಿತಜ್ಞ ಸಿದ್ಧಾರ್ಥ ಗಾಡ್ಗೀಳರೊಡನೆ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತೀವ್ರ ಬರವು ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಎರಡರಿಂದ ಐದರಷ್ಟನ್ನು ಕಳೆಯುತ್ತದೆ. ಆದರೆ ಒಳ್ಳೆಯ ಮಳೆಯ ವರ್ಷದ ಲಾಭ ಆ ನಷ್ಟದಷ್ಟು ದೊಡ್ಡದಾಗುವುದಿಲ್ಲ. ಕಾರಣ ಸರಳ: ಮಳೆಯಾಧಾರದ ರೈತ ಎಲ್ಲಿ ಬರ ಬರುವುದೋ ಎಂಬ ಹೆದರಿಕೆಯಿಂದ ಒಳ್ಳೆಯ ವರ್ಷದಲ್ಲಿಯೂ ಗೊಬ್ಬರಕ್ಕೂ ಔಷಧಕ್ಕೂ ಹಣ ಹಾಕುವುದಿಲ್ಲ. “ಈ ವರ್ಷ ಬರ ಬರುವ ಸಂಭವ ತೀರ ಕಡಿಮೆ” ಎಂದು ನಂಬಿಕೆಯಿಂದ ಹೇಳಬಲ್ಲ ಮುನ್ಸೂಚನೆ ಸಿಕ್ಕಿದರೂ ಅದರ ಬೆಲೆ ದೊಡ್ಡದು.

ವಿಜ್ಞಾನಿ ಒಬ್ಬನೇ ಕೂತು ಇದನ್ನು ನಿಶ್ಚಯಿಸಲಾಗದು. ಗಾಡ್ಗೀಳರೂ ಅವರ ಜೊತೆಗಾರರೂ ಅನಂತಪುರ ಮತ್ತು ಅದಕ್ಕೆ ತಾಗಿದ ಪಾವಗಡದ ಕಡೆಯ ರೈತರ ಬಳಿಗೆ ಹೋದಾಗ ಮೊದಲು ಕೇಳಿದ್ದು, ನೀವು ಯಾವ ಯಾವ ನಿರ್ಧಾರಗಳನ್ನು ಯಾವಾಗ ಮಾಡಬೇಕಾಗುತ್ತದೆ ಎಂದು. ಆಮೇಲೆ ಹಲವು ದಶಕಗಳ ಮಳೆಯ ಲೆಕ್ಕವನ್ನು ತೆಗೆದುಕೊಂಡು, ಇಂಥ ವಾರ ಬಿತ್ತಿದರೆ ಕಡಲೆಕಾಯಿ ಕಾಯಿ ಕಟ್ಟುವ ಹೊತ್ತಿಗೆ ಒಣ ಅವಧಿ ತಾಗುವ ಸಂಭವವೆಷ್ಟು ಎಂದು ನೋಡಿದರು. ರೈತನ ಪ್ರಶ್ನೆಯಿಂದ ಹೊರಟದ್ದರಿಂದಲೇ ಆ ಶಾಸ್ತ್ರ ಹೊಲಕ್ಕೆ ಇಳಿಯಿತು.

ಮುಕ್ತಾಯ

ಒಟ್ಟಿನಲ್ಲಿ, ಋತುವಿನ ಮುನ್ಸೂಚನೆ ಒಂದು ಕಡೆ ಸ್ವಲ್ಪ ಭಾರ ಹಾಕಿದ ಪಗಡೆಯ ದಾಳವಿದ್ದಂತೆ. ಯಾವ ಮುಖ ಬೀಳುವುದೆಂದು ಹೇಳಲಾಗದು. ಯಾವ ಮುಖ ಹೆಚ್ಚು ಸಾರಿ ಬೀಳುವುದೆಂದು ಹೇಳಬಹುದು. ಒಂದು ವರ್ಷ ತಪ್ಪಿದರೆ ಮುನ್ಸೂಚನೆ ಸುಳ್ಳೆನ್ನಲಾಗದು, ಒಂದು ವರ್ಷ ತಾಗಿದರೆ ನಿಜವೆನ್ನಲೂ ಆಗದು. ಹತ್ತು ವರ್ಷ ಲೆಕ್ಕವಿಟ್ಟು ನೋಡಬೇಕು.

ಆದುದರಿಂದ ವಾಚಕರಲ್ಲಿ ಒಂದು ಸಲಹೆ. ನಮ್ಮ ವಾಚನಾಲಯದಲ್ಲಿ ಒಂದು ನೋಟ್ ಪುಸ್ತಕವನ್ನಿಟ್ಟು, ಪ್ರತಿ ಏಪ್ರಿಲ್ ಮತ್ತು ಮೇ ಕೊನೆಯಲ್ಲಿ ಹೊರಡುವ ಪ್ರಕಟಣೆಯ ಐದು ಸಂಭವಗಳನ್ನೂ, ನಕ್ಷೆಯಲ್ಲಿ ತಮ್ಮ ತಮ್ಮ ಜಿಲ್ಲೆಗೆ ಹೇಳಿದ್ದನ್ನೂ ಬರೆದಿಡೋಣ. ಅಕ್ಟೋಬರಿನಲ್ಲಿ ಆದದ್ದನ್ನು ಅದರ ಪಕ್ಕದಲ್ಲಿ ಬರೆಯೋಣ. ಊರಿನಿಂದ “ಏನು ಮಾಡೋಣ?” ಎಂಬ ಮಾತು ಬಂದಾಗ ದಪ್ಪಕ್ಷರದ ತಲೆಬರಹಕ್ಕಿಂತ ಆ ಪುಸ್ತಕ ನಮಗೆ ಹೆಚ್ಚು ನೆರವಾದೀತು.

ಅಭ್ಯಾಸಕ್ಕೆ ಪ್ರಶ್ನೆಗಳು

೧. ನಾಳಿನ ಮಳೆಯನ್ನು ಎರಡು ತಿಂಗಳ ಮುಂಚೆ ಹೇಳಲಾಗದಿದ್ದರೂ ಋತುವಿನ ಮಳೆಯ ಬಗ್ಗೆ ಸ್ವಲ್ಪಮಟ್ಟಿಗೆ ಹೇಳಬಹುದು. ಏಕೆ?

೨. ೧೯೯೭ ಮತ್ತು ೨೦೦೨, ಈ ಎರಡು ಎಲ್ ನಿನ್ಯೊ ವರ್ಷಗಳ ಫಲ ಬೇರೆಬೇರೆಯಾದುದಕ್ಕೆ ಕಾರಣವೇನು?

೩. ಮೇಲಿನ ಉದಾಹರಣೆಯಲ್ಲಿ ಹತ್ತರಲ್ಲಿ ನಾಲ್ಕು ವರ್ಷ ಮಳೆ ಹೋಗುವುದಾದರೆ, ಬಡ್ಡಿ ಕಳೆದು ಎಕರೆಗೆ ವರ್ಷಕ್ಕೆ ಸರಾಸರಿ ಎಷ್ಟು ಉಳಿಯುತ್ತದೆ? ಆಗ ನೀವು ಸಾಲಮಾಡುವಿರಾ?